ಓದುಗರೊಡನೆ: ಬಾಣಂತಿಯರ ಅಹವಾಲು ಬರೆದಿಟ್ಟ ನಟಿ

ಕಳೆದ ಸಂಚಿಕೆಯಲ್ಲಿ ಕಾಫಿ ತೋಟದ ಹೆಂಗಸರ ಹೆರಿಗೆ ರಜೆಯ ಕುರಿತು ಬಂದ ಪ್ರಶ್ನೆಗೆ ಉತ್ತರಿಸುವಾಗ, ಫ್ಯಾನಿ ಕೆಂಬಲ್ ಎಂಬ ಇಂಗ್ಲಿಷ್ ನಟಿ ಅಮೆರಿಕದ ಗುಲಾಮರ ತೋಟದಲ್ಲಿ ಕುಳಿತು ಬರೆದ ದಿನಚರಿಯನ್ನು ಒಂದು ವಾಕ್ಯದಲ್ಲಿ ನೆನೆದಿದ್ದೆ. ಆ ವಾಕ್ಯವನ್ನು ಹಿಡಿದುಕೊಂಡು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಕೆಲವು ಕುತೂಹಲದವು, ಕೆಲವು ಸಿಟ್ಟಿನವು. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಈ ಫ್ಯಾನಿ ಕೆಂಬಲ್ ಯಾರು? ನಮ್ಮ ಇಂಗ್ಲಿಷ್ ಪಠ್ಯದಲ್ಲಿ ಎಲ್ಲೂ ಈ ಹೆಸರು ಕಂಡಿಲ್ಲ.
*ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು*

ಪಠ್ಯದಲ್ಲಿ ಇಲ್ಲದಿರುವುದು ಪಠ್ಯಕ್ಕೇ ನಷ್ಟ. ಫ್ಯಾನಿ 1809ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು. ನಾಟಕವೇ ಆ ಮನೆತನದ ಕಸುಬು. ಆ ಕಾಲದ ಅತಿ ದೊಡ್ಡ ನಟಿ ಸಾರಾ ಸಿಡನ್ಸ್ ಆಕೆಯ ಸೋದರತ್ತೆ. ತಂದೆ ಚಾರ್ಲ್ಸ್ ಕೆಂಬಲ್ ಕೋವೆಂಟ್ ಗಾರ್ಡನ್ ರಂಗಮಂದಿರವನ್ನು ನಡೆಸುತ್ತಿದ್ದ. ಅದು ಸಾಲದಲ್ಲಿ ಮುಳುಗಿ, ಬಾಗಿಲು ಹಾಕುವ ಸ್ಥಿತಿಗೆ ಬಂದಾಗ 1829ರ ಅಕ್ಟೋಬರಿನಲ್ಲಿ ಮಗಳನ್ನು ಜೂಲಿಯೆಟ್ ಪಾತ್ರದಲ್ಲಿ ರಂಗಕ್ಕೆ ತಂದರು. ಆಕೆಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಒಂದೇ ರಾತ್ರಿಯಲ್ಲಿ ಲಂಡನ್ ಆಕೆಯದಾಯಿತು, ರಂಗಮಂದಿರ ಉಳಿಯಿತು.

1832ರಲ್ಲಿ ತಂದೆಯೊಡನೆ ಅಮೆರಿಕಕ್ಕೆ ನಾಟಕ ಪ್ರವಾಸ ಹೋದಳು. ಅಲ್ಲಿ ಫಿಲಡೆಲ್ಫಿಯಾದ ಪಿಯರ್ಸ್ ಬಟ್ಲರ್ ಎಂಬ ಶ್ರೀಮಂತ ಊರೂರಿಗೆ ಹಿಂಬಾಲಿಸಿ ಬಂದು ಮನಸ್ಸು ಗೆದ್ದ. 1834ರಲ್ಲಿ ಮದುವೆಯಾಗಿ ಆಕೆ ರಂಗ ಬಿಟ್ಟಳು. ಆ ಮನೆಯ ಸಿರಿ ಎಲ್ಲಿಂದ ಬರುತ್ತದೆ ಎಂಬುದು ಮದುವೆಯ ಹೊತ್ತಿಗೆ ತನಗೆ ತಿಳಿದಿರಲಿಲ್ಲ ಎಂದು ಆಕೆ ಬರೆದುಕೊಂಡಿದ್ದಾಳೆ. ಅದು ಬರುತ್ತಿದ್ದುದು ಅಮೆರಿಕದ ದಕ್ಷಿಣದ ರಾಜ್ಯ ಜಾರ್ಜಿಯಾದ ಕರಾವಳಿಯಿಂದ. ಅಲ್ಟಮಹಾ ನದಿಯ ಮುಖದ ಬಟ್ಲರ್ ದ್ವೀಪದಲ್ಲಿ ಭತ್ತ, ಪಕ್ಕದ ಸೇಂಟ್ ಸೈಮನ್ಸ್ ದ್ವೀಪದಲ್ಲಿ ಹತ್ತಿ, ಎರಡರಲ್ಲೂ ದುಡಿಯಲು ನೂರಾರು ಗುಲಾಮರು. ಗಂಡನ ಅಜ್ಜ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಒಬ್ಬ. ಓಡಿಹೋದ ಗುಲಾಮರನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕೆಂಬ ಕಲಮನ್ನು ಸಂವಿಧಾನ ಸಭೆಯಲ್ಲಿ ಮಂಡಿಸಿದವನೂ ಅವನೇ. 1836ರಲ್ಲಿ ಆ ಆಸ್ತಿ ಮೊಮ್ಮಕ್ಕಳ ಕೈಗೆ ಬಂತು.

1838ರ ಡಿಸೆಂಬರಿನಲ್ಲಿ ಫ್ಯಾನಿ ಗಂಡನೊಡನೆ ಅಲ್ಲಿಗೆ ಹೋದಳು. ದೊಡ್ಡ ಮಗಳಿಗೆ ಮೂರೂವರೆ ವರ್ಷ, ಚಿಕ್ಕವಳಿಗೆ ಇನ್ನೂ ಏಳು ತಿಂಗಳು. 1839ರ ಏಪ್ರಿಲ್ ತನಕ ಅಲ್ಲಿದ್ದಳು. ಉತ್ತರದ ಮ್ಯಾಸಚೂಸೆಟ್ಸ್‌ನ ಗೆಳತಿ ಎಲಿಜಬೆತ್ ಸೆಜ್ವಿಕ್‌ಗೆ ಬರೆದ ಪತ್ರಗಳ ರೂಪದಲ್ಲಿ ಆ ದಿನಗಳನ್ನು ಬರೆದಿಟ್ಟಳು. ನಾನು ಹೇಳಿದ ದಿನಚರಿ ಅದೇ.

ಪ್ರಶ್ನೆ: ಅದರಲ್ಲಿ ಹೆಂಗಸರ ಬಗ್ಗೆ ನಿಜವಾಗಿ ಏನಿದೆ? ಗುಲಾಮರ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಬಾಣಂತಿಯರ ವಿಷಯ ನೀವು ಯಾಕೆ ಎತ್ತಿದಿರಿ?
*ಅಂಗನವಾಡಿ ಕಾರ್ಯಕರ್ತೆ, ಮೂಡಿಗೆರೆ ತಾಲ್ಲೂಕು*

ನಿಮ್ಮ ಪ್ರಶ್ನೆಗೆ ಉದ್ದನೆಯ ಉತ್ತರ ಕೊಡುತ್ತೇನೆ. ನಿಮ್ಮ ಕೆಲಸಕ್ಕೂ ಈ ಪುಸ್ತಕಕ್ಕೂ ನೇರ ಸಂಬಂಧವಿದೆ.

ಫ್ಯಾನಿ ಬಂದಿದ್ದಾಳೆ, ಒಡೆಯನ ಹೆಂಡತಿ ಮಾತು ಕೇಳುತ್ತಾಳೆ ಎಂಬ ಸುದ್ದಿ ತೋಟದಲ್ಲಿ ಹರಡಿತು. ಹೆಂಗಸರು ಅಹವಾಲು ಹೊತ್ತು ಮನೆ ಬಾಗಿಲಿಗೆ ಬರತೊಡಗಿದರು. ಒಂದು ದಿನ ಬಂದವರದನ್ನು ಆಕೆ ಒಬ್ಬೊಬ್ಬರಂತೆ ಬರೆದಿದ್ದಾಳೆ. ಫ್ಯಾನಿ ಎಂಬ ಅದೇ ಹೆಸರಿನ ಹೆಂಗಸು ಆರು ಮಕ್ಕಳನ್ನು ಹೆತ್ತವಳು, ಒಂದು ಬಿಟ್ಟು ಎಲ್ಲವೂ ತೀರಿಹೋಗಿವೆ. ಗದ್ದೆಯ ಕೆಲಸ ಸ್ವಲ್ಪ ಹಗುರ ಮಾಡಿಸಿ ಎಂದು ಕೇಳಲು ಬಂದಿದ್ದಳು. ನ್ಯಾನಿಗೆ ಮೂರು ಮಕ್ಕಳು, ಎರಡು ಇಲ್ಲ. ಹೆರಿಗೆಯಾಗಿ ಮೂರು ವಾರಕ್ಕೆ ಗದ್ದೆಗೆ ಅಟ್ಟುವ ನಿಯಮವನ್ನು ಬದಲಿಸಿ ಎಂದು ಬೇಡಿದಳು. ಲಿಯಾ ಆರು ಹೆತ್ತಳು, ಮೂರು ಸತ್ತವು. ಸೋಫಿಗೆ ಹತ್ತು, ಐದು ಸತ್ತವು. ಅವಳು ಮುಖ್ಯವಾಗಿ ಕೇಳಿದ್ದು ಒಂದು ತುಂಡು ಮಾಂಸ. ಶಾರ್ಲೆಟ್‌ಗೆ ಎರಡು ಸಲ ಗರ್ಭ ಇಳಿದಿತ್ತು, ಮತ್ತೆ ಬಸುರಿ, ಸಂಧಿವಾತದಿಂದ ಊದಿದ ಮೊಣಕಾಲುಗಳನ್ನು ತೋರಿಸಿದಳು. ಅವಳಿಗೆ ಬೆಚ್ಚನೆಯ ಬಟ್ಟೆ ಹೊಲಿದುಕೊಡುವುದಾಗಿ ಫ್ಯಾನಿ ಮಾತು ಕೊಟ್ಟಳು. ಸೂಕಿ ಎಂಬವಳು ಸುಮ್ಮನೆ ನಮಸ್ಕಾರ ಹೇಳಿಹೋಗಲು ಬಂದವಳು: ಹನ್ನೊಂದು ಹೆತ್ತು ಐದನ್ನು ಕಳೆದುಕೊಂಡಿದ್ದಳು, ಅದರ ಮೇಲೆ ನಾಲ್ಕು ಗರ್ಭಪಾತ. ಕೊನೆಯಲ್ಲಿ ಮಾಲಿ. ಒಂಬತ್ತರಲ್ಲಿ ಆರು ಬದುಕಿವೆ. ತಾನು ಅಲ್ಲಿ ಕೇಳಿದವುಗಳಲ್ಲೆಲ್ಲ ಒಳ್ಳೆಯ ಲೆಕ್ಕ ಇದೇ ಎಂದು ಫ್ಯಾನಿ ಬರೆಯುತ್ತಾಳೆ.

ಸಾರಾ ಎಂಬವಳದನ್ನು ಬೇರೆಯಾಗಿ ಹೇಳಬೇಕು. ನಾಲ್ಕು ಗರ್ಭಪಾತ, ಏಳು ಹೆರಿಗೆ, ಐದು ಸಾವು, ಮತ್ತೆ ಬಸುರಿ. ಒಮ್ಮೆ ಬುದ್ಧಿ ಕೆಟ್ಟು ಕಾಡಿಗೆ ಓಡಿಹೋಗಿದ್ದಳಂತೆ. ಹಿಡಿದು ತಂದು, ತೋಳು ಕಟ್ಟಿ ಮೇಲೆ ಬಿಗಿದು, ಕಾಲಿಗೆ ಮರದ ದಿಮ್ಮಿ ತೂಗಿಸಿ ಚಾವಟಿಯಿಂದ ಹೊಡೆದರು. ಮತ್ತೆ ಓಡಿದಳು. ಎರಡನೆಯ ಸಲ ಸಿಕ್ಕಾಗ ಮೈಮೇಲೆ ಎಳೆ ಬಟ್ಟೆಯೂ ಇರಲಿಲ್ಲ. ಇಷ್ಟನ್ನೂ ಅವಳು ತಾನೇ ಹೇಳಿದಳು. ಹೇಳುವಾಗ ಬೆನ್ನು ನೋಯುತ್ತಿತ್ತು, ಗದ್ದೆಯಲ್ಲಿ ಬಗ್ಗಿದರೆ ಹೊಟ್ಟೆಯೊಳಗೆ ಏನೋ ಊದಿಕೊಳ್ಳುತ್ತಿತ್ತು.

ಆ ಪುಟವನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದ್ದೇನೆ. ಹೆಸರು, ಗಂಡನ ಹೆಸರು, ಎಷ್ಟು ಹೆತ್ತಳು, ಎಷ್ಟು ಉಳಿದವು, ಇವತ್ತು ಏನು ಕೇಳಲು ಬಂದಳು. ವರ್ಣನೆಯಿಲ್ಲ, ಉಪಮೆಯಿಲ್ಲ. ಷೇಕ್ಸ್‌ಪಿಯರನ ಸಾಲುಗಳಲ್ಲಿ ಬೆಳೆದ ನಟಿ ಇಲ್ಲಿ ಎಲ್ಲ ಅಲಂಕಾರ ಬಿಟ್ಟು ಲೆಕ್ಕ ಬರೆಯಲು ಕುಳಿತಿದ್ದಾಳೆ. ತೋಟದ ಪುಸ್ತಕದಲ್ಲಿ ಇದೇ ಹೆಂಗಸರು ಇಡೀ ಆಳು, ಅರೆ ಆಳು ಎಂದು ಎಣಿಕೆಯಾಗುತ್ತಿದ್ದರು. ಎಷ್ಟು ಕೆಲಸ ಮುಗಿಯಿತು ಎಂಬುದಕ್ಕೆ ಲೆಕ್ಕವಿತ್ತು. ಆ ಕೆಲಸ ಯಾರ ಹೊಟ್ಟೆಯಲ್ಲಿ ಏನನ್ನು ಕೊಂದಿತು ಎಂಬುದಕ್ಕೆ ಲೆಕ್ಕವಿರಲಿಲ್ಲ. ಆ ಎರಡನೆಯ ಲೆಕ್ಕವನ್ನು ಬರೆದವಳು ಫ್ಯಾನಿ.

ಮಕ್ಕಳ ವಿಷಯ ಕೇಳಿ. ತಾಯಂದಿರು ಗದ್ದೆಯಲ್ಲಿರುವಾಗ ಕೂಸುಗಳನ್ನು ನೋಡಿಕೊಳ್ಳುತ್ತಿದ್ದವರು ಸ್ವಲ್ಪವೇ ದೊಡ್ಡ ಮಕ್ಕಳು. ಹಾಲಿನ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಗದ್ದೆಗೆ ನಡೆಯುವುದೂ ಆ ಮಕ್ಕಳ ಪಾಲು. ಕೂಸಿನ ಮುಖ ತೊಳೆದು ಚೊಕ್ಕಟವಾಗಿ ತಂದರೆ ಒಂದೊಂದು ಸೆಂಟ್ ಕೊಡುತ್ತೇನೆಂದು ಫ್ಯಾನಿ ಹೇಳಿದಳು. ಆಸ್ಪತ್ರೆಯೆಂಬ ಕಟ್ಟಡಕ್ಕೆ ಹೋದರೆ, ಮುರಿದ ಕಿಟಕಿ, ಬರಿ ನೆಲ, ಒಲೆಯ ಸುತ್ತ ಹರಕು ಕಂಬಳಿಯಲ್ಲಿ ಮುದುಡಿದ ಹೆಂಗಸರು. ಹೆರಿಗೆಯಾದವರು, ಗರ್ಭ ಕಳೆದುಕೊಂಡವರು, ಜ್ವರದವರು ಎಲ್ಲ ಒಟ್ಟಿಗೆ. ಆಕೆ ಕೈಯಾರೆ ಕಟ್ಟಿಗೆ ಸರಿಪಡಿಸಿ, ಕಿಟಕಿ ತೆರೆಸಿ, ಗುಡಿಸಲು ಹೇಳಿದಳು.

ಆಕೆಯ ಮಡಿಲಲ್ಲೂ ಆಗ ಒಂದು ಎಳೆಗೂಸಿತ್ತು ಎಂಬುದನ್ನು ನೆನಪಿಡಿ. ತನ್ನ ಕೂಸಿಗೆ ದಾದಿ ಇದ್ದಾಳೆ, ಎದುರು ನಿಂತವಳ ಕೂಸಿಗೆ ಎಂಟು ವರ್ಷದ ಹುಡುಗಿ. ಈ ಅಂತರ ಪುಟಪುಟದಲ್ಲೂ ಆಕೆಯನ್ನು ಚುಚ್ಚುತ್ತದೆ.

ಕೊನೆಗೆ ಏನಾಯಿತು? ಗುಲಾಮರ ದೂರುಗಳನ್ನು ತನ್ನ ಬಳಿ ತರಬೇಡ ಎಂದು ಗಂಡ ಹೇಳಿಬಿಟ್ಟ. ಅಹವಾಲಿನ ಬಾಗಿಲು ಮುಚ್ಚಿತು. ಬರವಣಿಗೆಯನ್ನು ಆಕೆ ನಿಲ್ಲಿಸಲಿಲ್ಲ.

ಪ್ರಶ್ನೆ: ಗುಲಾಮರ ದುಡಿಮೆಯ ಅನ್ನ ತಿಂದು ಅವರಿಗಾಗಿ ಕಣ್ಣೀರು ಹಾಕಿದವಳನ್ನು ನೀವು ಹೊಗಳುತ್ತಿದ್ದೀರಿ. ಇದು ಸರಿಯೇ?
*ನಿವೃತ್ತ ಶಿಕ್ಷಕರು, ಅರಕಲಗೂಡು*

ಪೂಜ್ಯರೇ, ಆ ಪ್ರಶ್ನೆಯನ್ನು ಆಕೆ ನಿಮಗಿಂತ ಮೊದಲೇ ಕೇಳಿಕೊಂಡಿದ್ದಾಳೆ. ತಾನು ಉಣ್ಣುವುದೂ ಉಡುವುದೂ ಈ ಜನರ ಕೂಲಿಯಿಲ್ಲದ ದುಡಿಮೆಯಿಂದ ಎಂಬ ನಾಚಿಕೆ ದಿನಚರಿಯುದ್ದಕ್ಕೂ ಇದೆ. ಅದು ಆಕೆಯನ್ನು ಪೂರ್ತಿ ತೊಳೆಯುವುದಿಲ್ಲ ಎಂಬ ನಿಮ್ಮ ಮಾತು ನನಗೂ ಒಪ್ಪಿಗೆ. ಇನ್ನೊಂದು ದೋಷವನ್ನೂ ಹೇಳುತ್ತೇನೆ: ಕಪ್ಪು ಜನರ ರೂಪ, ವಾಸನೆ, ಮಾತುಗಳ ಬಗ್ಗೆ ಆಕೆ ಬರೆದ ಕೆಲವು ಸಾಲುಗಳು ಆ ಕಾಲದ ಬಿಳಿಯರ ಅಹಂಕಾರದಿಂದ ತುಂಬಿವೆ. ಓದುವಾಗ ಮೈ ಉರಿಯುತ್ತದೆ. ಅವನ್ನು ಮುಚ್ಚಿಟ್ಟು ಪುಸ್ತಕವನ್ನು ಹೊಗಳುವವರನ್ನು ನಂಬಬೇಡಿ.

ಆದರೂ ಒಂದು ಪ್ರಸಂಗವನ್ನು ನಿಮ್ಮ ಮುಂದೆ ಇಡುತ್ತೇನೆ. ಅಲೆಕ್ ಎಂಬ ಹದಿಹರೆಯದ ಗುಲಾಮ ಹುಡುಗ ಓದು ಕಲಿಸುವಿರಾ ಎಂದು ಕೇಳಿದ. ಜಾರ್ಜಿಯಾದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧ. ಫ್ಯಾನಿ ಕಾನೂನನ್ನು ತೂಗಿ ನೋಡುತ್ತಾಳೆ. ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯೇ ಇಲ್ಲ. ಆದ್ದರಿಂದ ತನ್ನ ದಂಡವನ್ನು ತನ್ನ ಕಾನೂನುಬದ್ಧ ಒಡೆಯನೇ, ಅಂದರೆ ಗಂಡನೇ ಕಟ್ಟಬೇಕು. ಹಾಗಿದ್ದ ಮೇಲೆ ಕಲಿಸಿಯೇ ಬಿಡುತ್ತೇನೆ ಎಂದು ಪಾಠ ಶುರು ಮಾಡುತ್ತಾಳೆ. ಹೆಂಡತಿಗೂ ಗುಲಾಮಳಿಗೂ ಒಬ್ಬನೇ ಒಡೆಯ ಎಂಬ ಅರಿವು ಆ ಒಂದು ತೀರ್ಮಾನದೊಳಗಿದೆ. ಆದರೂ ಎರಡನ್ನೂ ಸಮ ಮಾಡಿ ತನ್ನ ದುಃಖವನ್ನು ದೊಡ್ಡದಾಗಿಸುವುದಿಲ್ಲ. ಸಾರಾಳ ಬೆನ್ನಿನ ಮುಂದೆ ತನ್ನ ಸಂಕಟ ಎಷ್ಟರದು ಎಂಬುದು ಆಕೆಗೆ ಗೊತ್ತು.

ಗುಲಾಮಗಿರಿಯನ್ನು ಅನುಭವಿಸಿದವಳ ಬಾಯಿಂದಲೇ ಕೇಳಬೇಕೆಂದರೆ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಓದಿ. ಒಡೆಯನ ಕಾಟ ತಪ್ಪಿಸಿಕೊಳ್ಳಲು ಆಕೆ ಉತ್ತರ ಕೆರೊಲಿನಾದಲ್ಲಿ ತನ್ನ ಅಜ್ಜಿಯ ಮನೆಯ ಮಾಡಿನ ಕೆಳಗೆ, ನೆಟ್ಟಗೆ ನಿಲ್ಲಲೂ ಆಗದ ಗೂಡಿನಲ್ಲಿ ಸುಮಾರು ಏಳು ವರ್ಷ ಅಡಗಿದ್ದಳು. ಕೆಂಬಲ್‌ಳನ್ನು ಓದಿದವರು ಜೇಕಬ್ಸ್‌ಳನ್ನು ಓದದೆ ಇರಬಾರದು.

ಪ್ರಶ್ನೆ: ಹಾಗಾದರೆ ನಾಟಕ?
*ಹವ್ಯಾಸಿ ರಂಗಕರ್ಮಿ, ಅರಸೀಕೆರೆ*

ಗಂಡನ ಮನೆ ಮುರಿದ ಮೇಲೆ ಅದೇ ಕೈ ಹಿಡಿಯಿತು. ಒಂದು ಮೇಜು, ಒಂದು ಪುಸ್ತಕ, ಒಬ್ಬಳೇ ಹೆಂಗಸು: ಷೇಕ್ಸ್‌ಪಿಯರನ ನಾಟಕಗಳ ಎಲ್ಲ ಪಾತ್ರಗಳನ್ನೂ ಒಬ್ಬಳೇ ಓದಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಸಭಾಂಗಣ ತುಂಬಿಸಿದಳು. ಆ ಸಂಪಾದನೆಯಲ್ಲೇ ಬದುಕಿದಳು. ತಮಾಷೆಯೆಂದರೆ, ನಟನೆ ಆಕೆಗೆ ಎಂದೂ ಪ್ರೀತಿಯ ಕೆಲಸವಾಗಿರಲಿಲ್ಲ, ಬರೆಯುವುದೇ ಆಸೆ. ಬಾಲ್ಯದ ನೆನಪುಗಳನ್ನು 1878ರಲ್ಲಿ, ನಂತರದ ಜೀವನದ್ದನ್ನು 1882ರಲ್ಲಿ, ಉಳಿದದ್ದನ್ನು 1890ರಲ್ಲಿ ಪ್ರಕಟಿಸಿದಳು. ರಂಗಭೂಮಿಯವರು ಮೊದಲನೆಯದನ್ನು ಹುಡುಕಿ ಓದಿ. 1830ರಲ್ಲಿ, ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ದಾರಿ ಇನ್ನೂ ಜನರಿಗೆ ತೆರೆಯುವ ಮೊದಲು, ರೈಲು ಎಂಜಿನ್ ರೂಪಿಸಿದ ಜಾರ್ಜ್ ಸ್ಟೀಫನ್‌ಸನ್‌ನ ಪಕ್ಕದಲ್ಲಿ ಕುಳಿತು ಎಂಜಿನ್ ಸವಾರಿ ಮಾಡಿದ ವಿವರ ಅದರಲ್ಲಿದೆ. ಎಷ್ಟು ಹುರುಪಿನ ಬರಹ!

ಪ್ರಶ್ನೆ: ನಮ್ಮ ಕುಟುಂಬ ಮೂರು ತಲೆಮಾರಿನಿಂದ ಕಾಫಿ ಬೆಳೆಯುತ್ತಿದೆ. ಗುಲಾಮರ ತೋಟದ ಪುಸ್ತಕವನ್ನು ನಮ್ಮ ತೋಟಗಳ ಜೊತೆ ಇಟ್ಟು ಮಾತಾಡುವುದು ಅನ್ಯಾಯ. ಇಲ್ಲಿ ಯಾರೂ ಯಾರನ್ನೂ ಚಾವಟಿಯಿಂದ ಹೊಡೆಯಲಿಲ್ಲ, ಮಾರಲಿಲ್ಲ.
*ಬೆಳೆಗಾರರು, ಸಕಲೇಶಪುರ*

ನಿಮ್ಮ ಪತ್ರವನ್ನು ಗೌರವದಿಂದ ಓದಿದ್ದೇನೆ. ನಾನು ಯಾವ ಕಡೆಯಿಂದ ಮಾತಾಡುತ್ತಿದ್ದೇನೆ ಎಂಬುದನ್ನು ಮೊದಲು ಹೇಳಬೇಕು. ನನ್ನ ತಾಯಿ ಮೂಡಿಗೆರೆ ತಾಲ್ಲೂಕಿನ ಒಂದು ತೋಟದಲ್ಲಿ ಕೂಲಿ ಮಾಡಿದವರು. ನಾನು ಹುಟ್ಟಿದ್ದು ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಗಳ ಸಾಲು ಮನೆಯಲ್ಲಿ. ಅಮ್ಮ ಬೇಸತ್ತರೆ, ಮುಂಗಡ ತೀರಿಸಿ, ಗಂಟು ಕಟ್ಟಿಕೊಂಡು ಬೇರೆ ತೋಟಕ್ಕೆ ಹೋಗಬಹುದಿತ್ತು. ನನ್ನನ್ನು ಅವರ ಕೈಯಿಂದ ಕಿತ್ತು ಮಾರುವ ಹಕ್ಕು ಯಾರಿಗೂ ಇರಲಿಲ್ಲ. ನಾನು ಶಾಲೆಗೆ ಹೋದೆ, ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದೆ. ಜಾರ್ಜಿಯಾದ ಲಿಯಾಳ ಮಗಳಿಗೆ ಇದು ಸಾಧ್ಯವಿರಲಿಲ್ಲ. ಈ ವ್ಯತ್ಯಾಸ ಸಣ್ಣದೆಂದು ನಾನು ಎಂದೂ ಹೇಳುವುದಿಲ್ಲ.

ಆದರೆ 'ಇಲ್ಲಿ ಯಾರೂ ಮಾರಲಿಲ್ಲ' ಎಂಬ ಮಾತಿಗೆ ತಡೆ ಹಾಕಬೇಕಾಗಿದೆ. ಮಲೆನಾಡಿನ ಹಳೆಯ ವಿವರಣೆಗಳಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆಯ ಆಳುಗಳ ಉಲ್ಲೇಖವಿದೆ. ಹುಟ್ಟಾಳು ಒಂದು ಮನೆಗೆ ತಲೆತಲಾಂತರದಿಂದ ಸೇರಿದವನು; ಮಣ್ಣಾಳು ಜಮೀನು ಕೈ ಬದಲಾದರೆ ಅದರ ಜೊತೆಗೇ ಹೋಗುವವನು. ಅವರು ಯಾವ ಜಾತಿಯವರು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಕಂಪನಿ ಆಳ್ವಿಕೆಯ ಪ್ರದೇಶದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1843ರಲ್ಲಿ. 1859ರಲ್ಲಿ ಇನ್ನೊಂದು ಕಾಯ್ದೆ ಬಂತು: ಮುಂಗಡ ಪಡೆದ ಕೆಲಸಗಾರ ಕೆಲಸಕ್ಕೆ ಬಾರದಿದ್ದರೆ ಮ್ಯಾಜಿಸ್ಟ್ರೇಟ್ ಅವನನ್ನು ಕೆಲಸಕ್ಕೆ ಹಚ್ಚಬಹುದು, ಇಲ್ಲವೇ ಜೈಲಿಗೆ ಕಳಿಸಬಹುದು. ದಕ್ಷಿಣ ಭಾರತದ ಬಿಳಿಯ ತೋಟಗಾರರಿಗೆ ಅದು ಒಳ್ಳೆಯ ಆಯುಧವಾಯಿತು. 1925ರಲ್ಲಿ ರದ್ದಾಗುವ ತನಕ ಇತ್ತು. ಜೀತ ಪದ್ಧತಿಯನ್ನು ಇಡೀ ದೇಶದಲ್ಲಿ ನಿಷೇಧಿಸುವ ಕಾಯ್ದೆ ಬಂದದ್ದು 1976ರಲ್ಲಿ. ನನ್ನ ಓದುಗರಲ್ಲಿ ಅನೇಕರು ಆಗಲೇ ಹುಟ್ಟಿದ್ದಿರಿ.

ಇಷ್ಟಾದರೂ, ಕೆಂಬಲ್‌ಳನ್ನು ನಾನು ಇಲ್ಲಿಗೆ ಕರೆತಂದದ್ದು ಕಾಯ್ದೆಗೆ ಕಾಯ್ದೆ ತೂಗಲು ಅಲ್ಲ. ಯಾರ ಬದುಕು ಬರವಣಿಗೆಗೆ ಬಂತು, ಯಾರದು ಬರಲಿಲ್ಲ ಎಂಬುದಕ್ಕಾಗಿ. ನಿಮ್ಮ ಮಂಜರಾಬಾದ್ ಸೀಮೆಯಲ್ಲೇ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ನೆರಳಿನ ಮರ, ಗೊಬ್ಬರ, ಹುಲಿ ಬೇಟೆ, ಚಿನ್ನದ ಗಣಿ ಎಲ್ಲ ಇವೆ. ನಾನು ಅವನ್ನು ಉಪಯೋಗದ ಪುಸ್ತಕಗಳೆಂದೇ ಭಾವಿಸುತ್ತೇನೆ. ಅವು ಬಂಗಲೆಯ ಜಗಲಿಯಿಂದ ಕಂಡ ಮಲೆನಾಡು. ಲೈನ್ ಮನೆಯ ಒಲೆಯ ಪಕ್ಕದಿಂದ ಕಂಡದ್ದನ್ನು ಯಾರು ಬರೆದರು?

ನಮ್ಮ ತೋಟದಲ್ಲಿ ಹಾಜರಿ ಪುಸ್ತಕವಿತ್ತು. ಲೆಕ್ಕ ಬರೆಯುವ ರೈಟರು ಬೆಳಿಗ್ಗೆ ಹೆಸರು ಕೂಗುತ್ತಿದ್ದರು, ಮೇಸ್ತ್ರಿ ಪಕ್ಕದಲ್ಲಿ ನಿಂತಿರುತ್ತಿದ್ದರು. ಅಮ್ಮನ ಹೆಸರಿನ ಎದುರು ಬಂದ ದಿನಕ್ಕೆ ಒಂದು ಗೀಟು, ಬಾರದ ದಿನಕ್ಕೆ ಸೊನ್ನೆ. ಕುಯ್ಲಿನ ಕಾಲದಲ್ಲಿ ಹಣ್ಣಿನ ತೂಕವೂ ಸೇರುತ್ತಿತ್ತು. ಅಮ್ಮ ಐದು ಹೆತ್ತರು. ಇಬ್ಬರು ಉಳಿಯಲಿಲ್ಲ. ಒಂದು ಕೂಸು ಹುಟ್ಟಿದ್ದು ಅರೇಬಿಕಾ ಕುಯ್ಲಿನ ನಡುವೆ, ಡಿಸೆಂಬರಿನಲ್ಲಿ. ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು, ರೆಂಬೆ ಬಗ್ಗಿಸಿ ಹಣ್ಣು ಕೀಳುತ್ತಿದ್ದವರು ಮಧ್ಯಾಹ್ನ ನೋವು ತಡೆಯಲಾರದೆ ಲೈನಿಗೆ ನಡೆದು ಬಂದರು. ಕುಯ್ಲು ಮುಗಿಯುವ ಮೊದಲೇ ಮತ್ತೆ ಬುಟ್ಟಿ ಕಟ್ಟಿದರು. ಸಿಲ್ವರ್ ಓಕ್ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದರು, ತೂಗುವವಳು ನನ್ನ ಅಕ್ಕ. ಆ ಕೂಸು ಮಳೆಗಾಲ ನೋಡಲಿಲ್ಲ. ಹಾಜರಿ ಪುಸ್ತಕದಲ್ಲಿ ಅಮ್ಮನ ಹೆರಿಗೆ ಒಂದು ಸಾಲು ಸೊನ್ನೆಗಳು, ಕೂಸಿನ ಸಾವು ಎರಡು ಸೊನ್ನೆಗಳು.

ತೋಟ ಕಾರ್ಮಿಕರ ಕಾಯ್ದೆ 1951ರದ್ದು. ಐವತ್ತು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೆ ಶಿಶುಗೃಹ ಇರಬೇಕೆಂದು ಅದು ಹೇಳಿತ್ತು. ಹೆರಿಗೆ ಸೌಲಭ್ಯ ಕಾಯ್ದೆ 1961ರದ್ದು. ಹನ್ನೆರಡು ವಾರ ಸಂಬಳ ಸಹಿತ ರಜೆ, 2017ರಿಂದ ಮೊದಲ ಎರಡು ಮಕ್ಕಳಿಗೆ ಇಪ್ಪತ್ತಾರು ವಾರ. ಕಾಯ್ದೆ ಪಾಲಿಸಿದ ತೋಟಗಳಿವೆ, ಅಲ್ಲಿ ಬದುಕಿದ ಮಕ್ಕಳಿದ್ದಾರೆ; ನಿಮ್ಮದೂ ಅಂಥದಾಗಿದ್ದರೆ ನಿಮಗೆ ಕೈ ಮುಗಿಯುತ್ತೇನೆ. ಹಾಗಿದ್ದಲ್ಲಿ ಒಂದು ಬೇಡಿಕೆ: ನಿಮ್ಮ ಅಟ್ಟದಲ್ಲಿ ತಾತನ ಕಾಲದ ಹಾಜರಿ ಪುಸ್ತಕ, ಮುಂಗಡದ ಖಾತೆಗಳಿದ್ದರೆ ಗೆದ್ದಲಿಗೆ ಬಿಡಬೇಡಿ. ನಿಮ್ಮ ಮನೆತನಕ್ಕೆ ಅದು ಹಳೆಯ ಕಾಗದ. ಎಷ್ಟೋ ಜನರಿಗೆ ತಮ್ಮ ಅಜ್ಜಿಯ ಹೆಸರು ಬರವಣಿಗೆಯಲ್ಲಿ ಸಿಗುವ ಒಂದೇ ಜಾಗ ಅದು.

ಪ್ರಶ್ನೆ: 1839ರಲ್ಲಿ ಬರೆದದ್ದನ್ನು 1863ರ ತನಕ ಯಾಕೆ ಬಚ್ಚಿಟ್ಟಳು? ಧೈರ್ಯ ಸಾಲಲಿಲ್ಲವೇ?
*ಗೃಹಿಣಿ, ಬೇಲೂರು*

ಇಬ್ಬರು ಹೆಣ್ಣುಮಕ್ಕಳು. ಉತ್ತರ ಅಷ್ಟೇ ಎನ್ನಬಹುದು.

ಆಗಿನ ಕಾನೂನಿನಲ್ಲಿ ಮಕ್ಕಳು ತಂದೆಯ ಸೊತ್ತು. ಗುಲಾಮಗಿರಿ ವಿರೋಧಿಗಳು ದಿನಚರಿಯನ್ನು ಪ್ರಕಟಿಸಲು ಕೊಡಿ ಎಂದು ಕೇಳಿದರು, ಆಕೆ ಕೊಡಲಿಲ್ಲ. ಗಂಡನ ಮನೆಯ ಬದುಕನ್ನು ಬೀದಿಗೆ ತಂದರೆ ಮಕ್ಕಳ ಮುಖ ನೋಡುವುದೂ ತಪ್ಪುತ್ತಿತ್ತು. 1849ರಲ್ಲಿ ವಿಚ್ಛೇದನವಾಯಿತು. ವರ್ಷಕ್ಕೆ ಎರಡು ತಿಂಗಳು ಬೇಸಿಗೆಯಲ್ಲಿ ಮಕ್ಕಳು ಆಕೆಯ ಜೊತೆ ಇರಬಹುದೆಂದು ಒಪ್ಪಂದವಾಯಿತು. ಲಿಯಾ, ನ್ಯಾನಿಯರ ಮಕ್ಕಳ ಲೆಕ್ಕ ಬರೆದವಳಿಗೆ ತನ್ನ ಮಕ್ಕಳೂ ಲೆಕ್ಕದ ಮೇಲೆ ಸಿಗುವಂತಾಯಿತು.

ಅಷ್ಟರಲ್ಲಿ ಪಿಯರ್ಸ್ ಬಟ್ಲರ್ ಜೂಜು, ಸಟ್ಟಾ ವ್ಯಾಪಾರಗಳಲ್ಲಿ ಹಣ ಕಳೆದು ಸಾಲಗಾರನಾದ. 1859ರ ಮಾರ್ಚ್ 2 ಮತ್ತು 3ರಂದು ಸವಾನಾ ನಗರದ ಹತ್ತಿರದ ಕುದುರೆ ಜೂಜಿನ ಮೈದಾನದಲ್ಲಿ ಅವನ ಪಾಲಿನ ಗುಲಾಮರ ಹರಾಜು ನಡೆಯಿತು. ಪಟ್ಟಿಯಲ್ಲಿದ್ದವರು 436 ಜನ. ಎರಡು ದಿನವೂ ಮಳೆ. ಮಾರಾಟದಿಂದ ಬಂದದ್ದು 3,03,850 ಡಾಲರ್. ನ್ಯೂಯಾರ್ಕಿನ ಪತ್ರಕರ್ತನೊಬ್ಬ ಕೊಳ್ಳುವವನ ವೇಷದಲ್ಲಿ ಹೋಗಿ ಎಲ್ಲವನ್ನೂ ವರದಿ ಮಾಡಿದ: ಹಲ್ಲು ನೋಡುವುದು, ತೋಳು ಹಿಚುಕುವುದು, ನಡೆಸಿ ನೋಡುವುದು. ಮಾರಾಟ ಮುಗಿದ ಮೇಲೆ ಒಡೆಯ ಪ್ರತಿಯೊಬ್ಬರ ಕೈಗೂ ಒಂದೊಂದು ಡಾಲರಿನಷ್ಟು ಹೊಸ ಚಿಲ್ಲರೆ ನಾಣ್ಯ ಕೊಟ್ಟನಂತೆ. ಆ ಎರಡು ದಿನಗಳಿಗೆ ಅಲ್ಲಿನ ಕಪ್ಪು ಜನ ಅಳುವಿನ ಕಾಲ ಎಂದು ಹೆಸರಿಟ್ಟರು. ಇಪ್ಪತ್ತು ವರ್ಷದ ಹಿಂದೆ ಫ್ಯಾನಿಯ ಬಾಗಿಲಿಗೆ ಬಂದಿದ್ದ ಹೆಂಗಸರ ಮಕ್ಕಳು, ಮೊಮ್ಮಕ್ಕಳ ಸಮುದಾಯವೇ ಹಾಗೆ ಚದುರಿತು.

1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ದಕ್ಷಿಣದ ಗುಲಾಮರ ಒಡೆಯರ ಪರ ಮಾತು ಕೇಳಿಬರತೊಡಗಿತು. ಗುಲಾಮರು ಸುಖವಾಗಿದ್ದಾರಂತೆ ಎಂಬಂಥ ಮಾತು. ಮಕ್ಕಳು ಅಷ್ಟರಲ್ಲಿ ಪ್ರಾಯಕ್ಕೆ ಬಂದಿದ್ದರು. 1863ರಲ್ಲಿ ಫ್ಯಾನಿ ದಿನಚರಿಯನ್ನು ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಅಚ್ಚು ಹಾಕಿಸಿದಳು. ಈ ಪುಸ್ತಕವೇ ಬ್ರಿಟನ್ನನ್ನು ದಕ್ಷಿಣದ ಪರ ಯುದ್ಧಕ್ಕೆ ಇಳಿಯದಂತೆ ತಡೆಯಿತು ಎಂದು ಹೇಳುವವರಿದ್ದಾರೆ. ನನಗೆ ಅದು ಅತಿಯಾದ ಮಾತೆನಿಸುತ್ತದೆ. ಅಧ್ಯಕ್ಷ ಲಿಂಕನ್‌ನ ಗುಲಾಮರ ವಿಮೋಚನಾ ಘೋಷಣೆ ಆ ವರ್ಷದ ಜನವರಿಯಲ್ಲೇ ಜಾರಿಗೆ ಬಂದು ಗಾಳಿಯ ದಿಕ್ಕು ಬದಲಾಗಿತ್ತು. ಪುಸ್ತಕದ ಬೆಲೆ ಯುದ್ಧದ ಫಲಿತಾಂಶದಲ್ಲಿ ಇಲ್ಲ.

ಒಂದು ನೋವಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಚಿಕ್ಕ ಮಗಳು, ಆ ಏಳು ತಿಂಗಳ ಕೂಸು, ದೊಡ್ಡವಳಾಗಿ ತಂದೆಯ ಪಕ್ಷ ವಹಿಸಿದಳು. ಯುದ್ಧದ ನಂತರ ಅದೇ ತೋಟವನ್ನು ನಡೆಸಿ, 1883ರಲ್ಲಿ ತನ್ನದೇ ಪುಸ್ತಕ ಬರೆದಳು. ತಾಯಿ ಕಂಡದ್ದನ್ನು ಅವಳು ಕಾಣಲಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಸಿಗುತ್ತದೆಯೇ?
*ಓದುಗರು, ಕಡೂರು*

ನಾನು ಓದಿರುವುದು ಇಂಗ್ಲಿಷಿನಲ್ಲಿ. ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕವಾದ್ದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಮೊಬೈಲಿನಲ್ಲೇ ಓದಬಹುದು. ಭಾಷೆ ಹಳೆಯದು, ಉದ್ದುದ್ದ ವಾಕ್ಯಗಳು. ಹೆಂಗಸರ ಅಹವಾಲುಗಳ ಪುಟಗಳಿಂದ ಆರಂಭಿಸಿ, ಆಮೇಲೆ ಮೊದಲಿಗೆ ಬನ್ನಿ.

ಪ್ರಶ್ನೆ: ನನ್ನ ಅಜ್ಜಿ ಜೀವನವಿಡೀ ತೋಟದಲ್ಲಿ ದುಡಿದವರು. ಈಗ ಎಂಬತ್ತು ದಾಟಿದೆ. ಅವರ ಬದುಕನ್ನು ಬರೆಯಬೇಕೆಂಬ ಆಸೆ. ಕೇಳಿದರೆ 'ಏನಿದೆ ಮಗಾ, ದುಡಿದೆವು, ಉಂಡೆವು' ಎಂದು ಸುಮ್ಮನಾಗುತ್ತಾರೆ. ಹೇಗೆ ಶುರು ಮಾಡಲಿ?
*ಯುವಕ, ಕಳಸ*

ಅಜ್ಜಿಗೆ ನನ್ನ ನಮಸ್ಕಾರ ತಿಳಿಸು ತಮ್ಮಾ.

'ನಿಮ್ಮ ಕಷ್ಟ ಹೇಳಿ' ಎಂದು ಕೇಳಬೇಡ. ಅದಕ್ಕೆ ಅವರ ಬಳಿ ಒಂದೇ ಉತ್ತರವಿದೆ, ಅದನ್ನು ಆಗಲೇ ಕೊಟ್ಟಿದ್ದಾರೆ. ಕೆಂಬಲ್‌ಳ ಪಟ್ಟಿಯ ಹಾಗೆ ಕೇಳು. ಮೊದಲನೆಯ ಮಗು ಹುಟ್ಟಿದಾಗ ಯಾವ ತೋಟದಲ್ಲಿದ್ದಿರಿ? ಕುಯ್ಲಿನ ಕಾಲವೋ, ಕಪಾತಿನ ಕಾಲವೋ, ಮಳೆಯೋ? ಹೆರಿಗೆ ಮಾಡಿಸಿದವರು ಯಾರು? ಎಷ್ಟು ದಿನಕ್ಕೆ ಮತ್ತೆ ಕೆಲಸಕ್ಕೆ ಹೋದಿರಿ? ಕೂಸನ್ನು ಯಾರು ನೋಡಿಕೊಂಡರು? ಆಮೇಲೆ ಎರಡನೆಯ ಮಗು. ಉಳಿಯದ ಮಕ್ಕಳ ಬಗ್ಗೆ ನೀನಾಗಿ ಒತ್ತಾಯ ಮಾಡಬೇಡ. ಅವರೇ ಬಂದು ನಿಲ್ಲುವ ತನಕ ಕಾಯಬೇಕು. ಬಂದಾಗ, ಆ ಕೂಸಿಗೆ ಹೆಸರಿಟ್ಟಿದ್ದರೇ ಎಂದು ಕೇಳು. ಇಟ್ಟಿದ್ದರೆ ಆ ಹೆಸರನ್ನು ಬರೆದುಕೋ.

ಇಸವಿ ಅವರಿಗೆ ನೆನಪಿರುವುದಿಲ್ಲ. ಚಿಂತೆಯಿಲ್ಲ. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತಾಗ ಈ ಮಗು ಹುಟ್ಟಿತ್ತೇ ಎಂದು ಕೇಳು, ಅದು 1978. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಗೆ ಚಿನ್ನದ ಬೆಲೆ ಬಂದ ವರ್ಷ ಎಲ್ಲಿದ್ದಿರಿ ಎಂದು ಕೇಳು; ಅದು 1994. ಹೀಗೆ ಎರಡು ಮೂರು ಗೂಟ ನೆಟ್ಟರೆ ಉಳಿದ ವರ್ಷಗಳು ತಾವೇ ಜಾಗಕ್ಕೆ ಬಂದು ಕೂರುತ್ತವೆ. ಹಳೆಯ ಸಂಬಳದ ಚೀಟಿ, ಭವಿಷ್ಯ ನಿಧಿಯ ಕಾಗದ, ಸಂಘದ ಚಂದಾ ರಸೀದಿ ಟ್ರಂಕಿನ ತಳದಲ್ಲಿದ್ದರೆ ಫೋಟೊ ತೆಗೆದಿಡು.

ಮೊಬೈಲಿನಲ್ಲಿ ಧ್ವನಿ ಮುದ್ರಿಸುವುದಾದರೆ ಮೊದಲು ಹೇಳಿ ಒಪ್ಪಿಗೆ ತೆಗೆದುಕೋ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು, ದಣಿಸಬೇಡ. ಅವರು ಎಲೆಯಡಿಕೆ ಹಾಕಿಕೊಂಡು ಕುಳಿತ ಹೊತ್ತು, ಅಥವಾ ಸೊಪ್ಪು ಬಿಡಿಸುವ ಹೊತ್ತು ಒಳ್ಳೆಯದು. ಕೈಗೆ ಕೆಲಸವಿದ್ದಾಗ ಮಾತು ಸರಾಗ. ಅವರ ಮಾತಿನ ತಿರುವುಗಳನ್ನು ತಿದ್ದದೆ ಅವತ್ತೇ ರಾತ್ರಿ ಬರೆದಿಡು. ಮೇಸ್ತ್ರಿಯ ಹೆಸರು, ಮಾಲೀಕರ ಹೆಸರು ಬಂದರೆ ನಿನ್ನ ಪ್ರತಿಯಲ್ಲಿ ಇರಲಿ, ಪ್ರಕಟಿಸುವಾಗ ಏನು ಮಾಡಬೇಕೆಂದು ಅಜ್ಜಿಯನ್ನೇ ಕೇಳು. ಬರೆದದ್ದನ್ನು ಅವರಿಗೆ ಓದಿ ಹೇಳು. 'ಹಾಗಲ್ಲ' ಎಂದು ಅವರು ತಡೆದ ಜಾಗದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕು, ಅವರು ಹೇಳಿದಂತೆ ಸರಿಪಡಿಸು.

ಮೊದಲ ಹತ್ತು ಪುಟ ಆದ ಮೇಲೆ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸು, ಮೂಲ ನಿನ್ನಲ್ಲೇ ಇರಲಿ. ನಾನು ಓದಿ ಉತ್ತರ ಬರೆಯುತ್ತೇನೆ.